ನಿಂಬೆಹಣ್ಣು ದಾಟದ ವಿಮಾನ

ರಿಮೋಟು ವಿಮಾನದ ಕಿಟ್ಟಿನ ಜೊತೆ ಬಂದ ಪುಸ್ತಿಕೆ ಬರೆದವನಿಗೆ ನೆಟ್ಟಗೆ ಇಂಗ್ಲಿಷ್ ಬರುವುದಿಲ್ಲ ಎಂದು ಗೊತ್ತಾದದ್ದು ಆ ಭಾನುವಾರ ಬೆಳಿಗ್ಗೆ ಸಂಗಮೇಶ್ವರನಿಗೆ ಸಿಕ್ಕ ಮೊದಲ ಸಮಾಧಾನ. ಮೂರನೆಯ ಪುಟದಲ್ಲೇ ಎರಡು ತಪ್ಪು. ಕೆಂಪು ಪೆನ್ನು ತಂದು ಎರಡಕ್ಕೂ ಸುತ್ತು ಹಾಕಿದ. ಪಡಸಾಲೆಯ ಕಲ್ಲುಹಾಸಿನ ಮೇಲೆ ಹಳೆಯ ದುಪ್ಪಟಿ ಹಾಸಿ, ವಿಮಾನವನ್ನು ಅದರ ಮೇಲೆ ಮಲಗಿಸಿದ್ದ. ಬಿಳಿ ಫೋಮಿನ ಮೈ, ಒಂದು ಮಾರಿನಷ್ಟೂ ಇಲ್ಲದ ರೆಕ್ಕೆ, ಮೂಗಿನೊಳಗೆ ಹೆಬ್ಬೆರಳಿನಷ್ಟು ದಪ್ಪದ ಮೋಟಾರು. ಸುರಕ್ಷತೆ ಎಂಬ ತಲೆಬರಹದ ಕೆಳಗೆ ಹನ್ನೊಂದು ನಿಯಮಗಳಿದ್ದವು. ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಎದ್ದು ಹೋಗಬೇಡಿ. ಮೊದಲು ರಿಮೋಟು ಚಾಲೂ ಮಾಡಿ, ಆಮೇಲೆ ಬ್ಯಾಟರಿ ಜೋಡಿಸಿ. ಬಯಲಿಗೆ ಹೋಗುವ ತನಕ ಪ್ರೊಪೆಲ್ಲರ್ ಹಾಕಬೇಡಿ. ಇಪ್ಪತ್ತೆರಡು ವರ್ಷ ಫಿಜಿಕ್ಸ್ ಕಲಿಸಿದವನಿಗೆ, ಅದೂ ದಪ್ಪ ಅಕ್ಷರದಲ್ಲಿ. ಬರೆದವನು ತನ್ನಂಥ ದಡ್ಡರಿಗೆ ಬರೆದಿದ್ದಾನೆ ಅಂದುಕೊಂಡು ಮೂಗು ಮುರಿದ. ಪ್ರೊಪೆಲ್ಲರ್ ಅಷ್ಟೊತ್ತಿಗೆ ಮೂಗಿನ ಮೇಲೆ ಕೂತಿತ್ತು. ಹ್ಯಾಗೆ ಕಾಣುತ್ತದೆ ನೋಡೋಣ ಎಂದು ನಿನ್ನೆ ಸಂಜೆಯೇ ಹಾಕಿದ್ದ.

ನಾಳೆ ಚಿತ್ತಾಪುರದ ಕಾಲೇಜಿನ ಮೈದಾನದಲ್ಲಿ ಇದು ಹಾರಬೇಕು. ವಿಜ್ಞಾನ ದಿನ. ಪ್ರಿನ್ಸಿಪಾಲರು ಒಪ್ಪಿದ್ದಾರೆ, ಒಪ್ಪುವಾಗ ಸಣ್ಣಗೆ ನಕ್ಕಿದ್ದಾರೆ. ಆ ನಗೆ ಅವನ ಹೊಟ್ಟೆಯಲ್ಲಿ ಇನ್ನೂ ಇದೆ. ಕಾಲೇಜಿನಲ್ಲಿ ಅವನ ಹೆಸರು ಥಿಯರಿ. ಹುಡುಗರು ಇಟ್ಟದ್ದು, ಆಮೇಲೆ ಸಿಬ್ಬಂದಿಯೂ ಹಿಂದಿನಿಂದ ಅನ್ನತೊಡಗಿದ್ದು. ಹೊರಗಿನಿಂದ ಪರೀಕ್ಷಕರು ಬಂದ ದಿನ ಅವನೇ ಜೋಡಿಸಿದ ಸರ್ಕೀಟಿನಲ್ಲಿ ಮೀಟರಿನ ಮುಳ್ಳು ಏಳಲಿಲ್ಲ. ಅವನು ಬೋರ್ಡಿನ ಮೇಲೆ ಸಮೀಕರಣ ಬರೆದು ಮುಳ್ಳು ಯಾಕೆ ಏಳಬೇಕು ಎಂದು ವಿವರಿಸುತ್ತಿದ್ದಾಗ ಲ್ಯಾಬಿನ ಅಟೆಂಡರ್ ಜಟ್ಟೆಪ್ಪ ಬಂದು, ಒಂದು ಮಾತನ್ನೂ ಆಡದೆ, ಎರಡು ವೈರು ಬದಲಿಸಿ ಹೊರಟುಹೋದ. ಮುಳ್ಳು ಎದ್ದಿತು. ಜಟ್ಟೆಪ್ಪ ನಕ್ಕಿದ್ದರೆ ಬೈಯಬಹುದಿತ್ತು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಬಾಯಿಗೆ ವೇಲು ಹಿಡಿದಿದ್ದಳು. ಆ ಹುಡುಗಿಗೆ ಈಗ ಮದುವೆಯಾಗಿ ಮಕ್ಕಳಿರಬೇಕು, ಮಕ್ಕಳಿಗೂ ಹೇಳಿರುತ್ತಾಳೆ. ಇಂಥ ಜನರ ನಡುವೆ ಬದುಕುವುದೆಂದರೆ ದಿನಾ ಮುಖ ತೊಳೆದುಕೊಂಡರೂ ಹೋಗದ ಒಂದು ಜಿಡ್ಡು. ನಾಳೆ ಎಲ್ಲರೂ ಕತ್ತೆತ್ತಿ ಮೇಲೆ ನೋಡಬೇಕು. ಜಟ್ಟೆಪ್ಪನೂ ನೋಡಬೇಕು.

ಆದರೆ ರಾತ್ರಿ ಬೆಸುಗೆ ಹಾಕಲು ಹೋಗಿ ಕೈ ನಡುಗಿತ್ತು. ಬ್ಯಾಟರಿಯ ವೈರಿಗೆ ಹಾಕಿದ ಬೆಸುಗೆ ಎಳೆದ ಕೂಡಲೇ ಕಿತ್ತು ಬಂತು, ಕಾದ ಕಡ್ಡಿ ಜಾರಿ ಎಡರೆಕ್ಕೆಯಲ್ಲಿ ಕಂದು ಬಣ್ಣದ ತೂತು ಬಿತ್ತು. ತೂತಿನ ಮೇಲೆ ನಕ್ಷತ್ರದ ಸ್ಟಿಕ್ಕರು ಅಂಟಿಸಿ, ಬೆಳಿಗ್ಗೆ ಬಂದೇಅಲಿಗೆ ಫೋನು ಮಾಡಿದ.

ಬಂದೇಅಲಿ ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಮಿಕ್ಸರು, ಫ್ಯಾನು ರಿಪೇರಿ ಮಾಡುವವನು. ಸಂಗಮೇಶ್ವರನಿಗಿಂತ ಆರೇಳು ವರ್ಷ ದೊಡ್ಡವನು, ಏಳನೆಯ ಇಯತ್ತೆ ದಾಟದವನು. ಆದ್ದರಿಂದ ಸಂಗಮೇಶ್ವರ ಅವನನ್ನು ನೀನು ಅನ್ನುತ್ತಿದ್ದ. ಫ್ಯಾನಿನ ಸಪ್ಪಳ ಕೇಳಿ ಯಾವ ಬುಷ್ ಸವೆದಿದೆ ಎಂದು ಹೇಳುತ್ತಾನೆ ಎಂದು ಊರೆಲ್ಲ ಹೊಗಳುವುದನ್ನು ಕೇಳಿದಾಗ ಸಂಗಮೇಶ್ವರನಿಗೆ, ಕೊಳಕು ಉಗುರಿನ ಈ ಮನುಷ್ಯನಿಗೆ ಓಮನ ನಿಯಮ ಕೇಳಿದರೆ ಏನು ಹೇಳುತ್ತಾನೋ ಎಂಬ ಆಸೆ ಹುಟ್ಟುತ್ತಿತ್ತು. ಒಮ್ಮೆ ಕೇಳಿಯೂ ಇದ್ದ. ಬಂದೇಅಲಿ ಹಲ್ಲು ಕಿಸಿದು, "ಅದೆಲ್ಲ ನಿಮ್ಮ ಕಡೆ ಇರ್ಲಿ ಸರ್, ನನ್ನ ಕಡೆ ಟೆಸ್ಟರ್ ಅದ" ಅಂದಿದ್ದ. ಅದು ವಿನಯವೋ ಚೇಷ್ಟೆಯೋ ಇವತ್ತಿಗೂ ತಿಳಿದಿಲ್ಲ.

ಬಂದವನು ಕೂಡುವ ಮೊದಲೇ ವಿಮಾನದ ಮೂಗು ನೋಡಿದ. "ಸರ್, ಪಂಖಾ ಯಾಕ ಹಾಕೀರಿ ಈಗೇ?"

"ಪಂಖಾ ಅಲ್ಲ, ಪ್ರೊಪೆಲ್ಲರ್."

"ಅದೇ ರಿ. ಬಿಚ್ತೀನಿ." ಬಿಚ್ಚಿ, ಅಂಗಿಯ ಕಿಸೆಗೆ ಹಾಕಿ, ಗುಂಡಿಯನ್ನೂ ಹಾಕಿದ. "ಫ್ಯೂಜ್ ಯಾವಾಗ್ಲೂ ಕೆಲಸ ಮಾಡವನ ಕಿಸೆದಾಗ ಇರಬೇಕು ಅಂತ ನಮ್ಮ ಉಸ್ತಾದ್ ಹೇಳ್ತಿದ್ರು. ಇದೂ ಹಂಗೇ."

ಹನ್ನೊಂದು ನಿಯಮಗಳಲ್ಲಿ ಒಂದನ್ನೂ ಓದದವನು ಒಂದೊಂದಾಗಿ ಎಲ್ಲವನ್ನೂ ಪಾಲಿಸುತ್ತಿರುವುದನ್ನು ನೋಡುತ್ತ ಸಂಗಮೇಶ್ವರ ಕುರ್ಚಿಯಲ್ಲಿ ಕೂತ. ಬಂದೇಅಲಿ ಮನೆಯಾಕೆ ರಾಜೇಶ್ವರಿಯಿಂದ ಒಂದು ಹಳೆಯ ಗಡಿಗೆ ಕೇಳಿ ತೆಗೆದುಕೊಂಡು, ಅದರ ತಳಕ್ಕೆ ಉಸುಕು ಹಾಕಿ, ಬ್ಯಾಟರಿಯನ್ನು ಅದರೊಳಗಿಟ್ಟು ಚಾರ್ಜ್ ಮಾಡಿದ. ಮುಗಿಯುವವರೆಗೆ ಅಲ್ಲಿಂದ ಏಳಲಿಲ್ಲ. ಬೆಸುಗೆಗಳನ್ನು ಬಿಚ್ಚಿ ಮತ್ತೆ ಹಾಕಿದ, ಎಳೆದು ನೋಡಿದ. ನಕ್ಷತ್ರದ ಸ್ಟಿಕ್ಕರನ್ನು ಬೆರಳಿನಿಂದ ಒಮ್ಮೆ ಸವರಿ, ಕೆಳಗೇನಿದೆ ಎಂದು ತಿಳಿದು, ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಸಂಗಮೇಶ್ವರನಿಗೆ ಹೆಚ್ಚು ಚುಚ್ಚಿತು. ಬ್ಯಾಟರಿ ಜೋಡಿಸಿದಾಗ ವಿಮಾನ ಎರಡು ಸಲ ಕೀರಲು ದನಿ ತೆಗೆಯಿತು. ರಿಮೋಟಿನ ಬಲಗಡೆಯ ಕಡ್ಡಿಯನ್ನು ಬಲಕ್ಕೆ ಒತ್ತಿ ಬಂದೇಅಲಿ ರೆಕ್ಕೆಯ ಅಂಚಿನ ಪಟ್ಟಿಯನ್ನೇ ನೋಡಿದ. "ಸರ್, ಬಲಕ್ಕ ಒತ್ತಿದ್ರ ಬಲಗಡಿ ಪಟ್ಟಿ ಕೆಳಗ ಹೊಂಟದ. ಮ್ಯಾಲ ಹೋಗಬೇಕಲ್ಲೇನ್ರಿ?"

ಹೋಗಬೇಕು. ಯಾಕೆ ಹೋಗಬೇಕು ಎಂದು ಸಂಗಮೇಶ್ವರ ನಲವತ್ತು ನಿಮಿಷ ಪಾಠ ಮಾಡಬಲ್ಲ. ನಿನ್ನೆ ರಾತ್ರಿ ಬೆಸುಗೆ ಕಿತ್ತುಬರುವ ಮೊದಲು ಹತ್ತು ಸಲ ಕಡ್ಡಿ ಒತ್ತಿದ್ದ, ಪಟ್ಟಿ ಅಲುಗುವುದನ್ನು ನೋಡಿ ಖುಷಿಪಟ್ಟಿದ್ದ, ಯಾವ ಕಡೆ ಅಲುಗುತ್ತಿದೆ ಎಂದು ನೋಡಿರಲಿಲ್ಲ. "ನಿನಗ ಗೊತ್ತಾಗ್ತದೋ ಇಲ್ಲೋ ಅಂತ ಹಂಗೇ ಬಿಟ್ಟಿದ್ದೆ," ಅಂದ. ಅಂದ ಮೇಲೆ ತನ್ನ ಮೇಲೇ ಹೇಸಿಕೆ ಬಂತು. ಬಂದೇಅಲಿ "ಹೌದ್ರಾ" ಎಂದಷ್ಟೇ ಹೇಳಿ ಒಂದು ಗುಂಡಿ ತಿರುಗಿಸಿ ಪಟ್ಟಿಯನ್ನು ಸರಿ ಮಾಡಿದ. ಆಮೇಲೆ ರೆಕ್ಕೆಯ ಕೆಳಗೆ ಎರಡು ಬೆರಳಿನ ತುದಿ ಕೊಟ್ಟು ವಿಮಾನವನ್ನು ಎತ್ತಿದ. ಅದು ಮೂಗು ತುಸು ಕೆಳಗೆ ಮಾಡಿ, ಗಾಳಿಯಲ್ಲಿ ಸುಮ್ಮನೆ ನಿಂತಿತು. ಆ ಎರಡು ಬೆರಳುಗಳನ್ನು ಸಂಗಮೇಶ್ವರ ನೋಡುತ್ತ ಕೂತ. ಕಪ್ಪು ಹಿಡಿದ, ಸುಟ್ಟ ಕಲೆಗಳಿದ್ದ, ಒಂದಿಷ್ಟೂ ನಡುಗದ ಬೆರಳುಗಳು. ಹೊಟ್ಟೆಕಿಚ್ಚು ಎಂಬುದು ಇಷ್ಟು ಕೀಳುಮಟ್ಟಕ್ಕೂ ಇಳಿಯುತ್ತದೆಯೇ ಎಂದು ಬೆರಗಾದ.

ಹನ್ನೊಂದು ಗಂಟೆಗೆ ಸೇಡಂನಿಂದ ಅಣವೀರ ಬಂದ. ರಾಜೇಶ್ವರಿಯ ತಮ್ಮ, ಬೇಳೆ ಮಿಲ್ಲಿನ ಮಾಲೀಕ. ಊಟಕ್ಕೆ ಬಂದದ್ದು ಎಂದು ಹೇಳಿದರೂ ಹೋದ ತಿಂಗಳು ಕೊಂಡ ಕಾರನ್ನು ಅಕ್ಕನ ಓಣಿಯಲ್ಲಿ ಒಂದು ಸಲ ನಿಲ್ಲಿಸಲು ಬಂದವನು. ಕೊರಳಿನ ಚಿನ್ನ, ಮಾತಿಗೊಮ್ಮೆ ಮೊಬೈಲು, ಮೊಬೈಲಿನಲ್ಲಿ ತನ್ನದೇ ವಿಡಿಯೋ. ಇವನನ್ನು ತಿರಸ್ಕರಿಸುವುದು ಎಷ್ಟು ಸುಲಭವೆಂದರೆ ಸಂಗಮೇಶ್ವರನಿಗೆ ಅದರಲ್ಲಿ ರುಚಿಯೇ ಉಳಿದಿರಲಿಲ್ಲ. ಆದರೂ ಅವನು ಬರುತ್ತಾನೆಂದು ಗೊತ್ತಾದ ಮೇಲೆ ಒಗೆದ ಅಂಗಿ ಹಾಕಿಕೊಂಡಿದ್ದ.

"ಮಾಮಾ, ಇದು ನೀವೇ ಮಾಡಿದ್ದೇನ್ರಿ?"

"ಮತ್ಯಾರು ಮಾಡ್ತಾರ?" ಅಂದ ಸಂಗಮೇಶ್ವರ. ಬಂದೇಅಲಿ ತಲೆ ಎತ್ತಲಿಲ್ಲ.

ರಾಜೇಶ್ವರಿ ತಟ್ಟೆ ಹಿಡಿದುಕೊಂಡು ಬಂದಳು. ವಿಭೂತಿ, ಕುಂಕುಮ, ಒಂದು ಕಾಯಿ, ಮೂರು ನಿಂಬೆಹಣ್ಣು. "ಹೊಸ ಗಾಡಿ ಬಂದ್ರ ಪೂಜಾ ಮಾಡಲಾರದ ಹೊರಗ ಒಯ್ತಾರೇನ್ರಿ? ನಾಳಿ ಅಷ್ಟು ಮಂದಿ ಕಣ್ಣು ಬೀಳ್ತದ." ಇದೆಲ್ಲ ಮೂಢನಂಬಿಕೆ ಎಂದು ಸಂಗಮೇಶ್ವರ ಪ್ರತಿ ವರ್ಷ ವಿಜ್ಞಾನ ದಿನವೇ ಭಾಷಣ ಮಾಡುತ್ತಾನೆ, ನಾಳೆಯೂ ಮಾಡುವವನಿದ್ದ. ಬೇಡ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅಣವೀರ ಮೊಬೈಲು ತೆಗೆದು, "ಮಾಡ್ರಿ ಮಾಮಾ, ವಿಡಿಯೋ ತಗೀತೀನಿ, ಎಲ್ಲಾ ಗ್ರೂಪಿಗೆ ಹಾಕ್ತೀನಿ" ಅಂದ. ಎಲ್ಲ ಗ್ರೂಪಿಗೂ. ಚಿತ್ತಾಪುರ, ಸೇಡಂ, ವಾಡಿ, ಅಲ್ಲಿಂದ ಕಾಲೇಜಿನವರಿಗೂ. ತೆರೆದ ಬಾಯಿಯನ್ನು ಸಂಗಮೇಶ್ವರ ಮುಚ್ಚಿದ. ಅಂಗಳದ ಹಾಸುಗಲ್ಲಿನ ಮೇಲೆ ವಿಮಾನವನ್ನು ಇಟ್ಟರು. ಮೂಗಿನ ತುದಿಯಲ್ಲಿ ಬೋಳು ಮೊಳೆ ಕಾಣುತ್ತಿತ್ತು. ಹೀಗೆ ವಿಡಿಯೋದಲ್ಲಿ ಬಂದರೆ ನಗುತ್ತಾರೆ.

"ಪ್ರೊಪೆಲ್ಲರ್ ಕೊಡು," ಅಂದ ಬಂದೇಅಲಿಗೆ.

ಬಂದೇಅಲಿ ಕಿಸೆಯ ಮೇಲೆ ಕೈ ಇಟ್ಟ. "ಹಾಕ್ರಿ ಸರ್, ಪೂಜಾಕ್ಕ ಬೇಕಲ್ಲ. ನಾ ಬ್ಯಾಟರಿ ತಗದಬಿಡ್ತೀನಿ."

"ಬ್ಯಾಟರಿ ತಗದ್ರ ಚಾಲೂ ಹ್ಯಾಂಗ ಆಗ್ತದೋ?" ಅಣವೀರ ನಕ್ಕ. "ಗಾಡಿ ಚಾಲೂ ಆಗಿ ನಿಂಬಿಹಣ್ಣು ಒಡದ್ರೇ ಪೂಜಾ ಮುಗೀತು. ನನ್ನ ಕಾರು ಹೆಂಗ ಒಡೀತು, ಪಚಕ್ ಅಂತ. ಅಕ್ಕ, ಮುಂದಿನ ಗಾಲಿಗೂ ಒಂದು ಇಡು."

ಬಂದೇಅಲಿ ಅವನ ಕಡೆ ನೋಡಲೇ ಇಲ್ಲ, ಸಂಗಮೇಶ್ವರನನ್ನು ನೋಡಿದ. ನೀವು ಓದಿದವರು, ನೀವು ಹೇಳ್ರಿ ಎಂಬಂಥ ನೋಟ. ಆ ನಂಬಿಕೆಯಿಂದ ಸಂಗಮೇಶ್ವರನಿಗೆ ಕಿರಿಕಿರಿಯಾಯಿತು. ಮೈದುನನ ಮುಂದೆ ಮಿಕ್ಸರು ರಿಪೇರಿಯವನಿಂದ ಬುದ್ಧಿ ಕೇಳುವ ಹಾಗಾಯಿತಲ್ಲ. ಕೈ ಚಾಚಿದ. "ಕೊಡು ಅಂದ್ರ ಕೊಡು."

ಕೊಟ್ಟ. ಸಂಗಮೇಶ್ವರನೇ ತಿರುಗಿಸಿ ಬಿಗಿ ಮಾಡಿದ. ರಾಜೇಶ್ವರಿ ರೆಕ್ಕೆಗೆ ಮೂರು ಬೆರಳಿನ ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಕಾಯಿ ಒಡೆದಳು. ಎರಡು ಗಾಲಿಗಳ ಮುಂದೆ ಎರಡು ಹಣ್ಣು, ಮೂಗಿನ ಕೆಳಗಿನ ಸಣ್ಣ ಗಾಲಿಯ ಮುಂದೆ ಒಂದು. ಹಣ್ಣು ಗಾಲಿಗಿಂತ ದೊಡ್ಡವಿದ್ದವು. ಒಂದು ಕ್ಷಣ ಯೋಚಿಸಿದ್ದರೆ ಎಂಟನೆಯ ಇಯತ್ತೆಯ ಹುಡುಗನಿಗೂ ಗೊತ್ತಾಗುತ್ತಿತ್ತು, ಇದು ದಾಟುವುದಿಲ್ಲ ಎಂದು. ಬಂದೇಅಲಿ ಹಿಂದೆ ಕುಕ್ಕರಗಾಲಲ್ಲಿ ಕೂತು ಎಡಗೈಯಿಂದ ಬಾಲವನ್ನು ಗಟ್ಟಿಯಾಗಿ ಹಿಡಿದ, ಹಿಡಿಯೆಂದು ಯಾರೂ ಹೇಳಿರಲಿಲ್ಲ. ಸಂಗಮೇಶ್ವರ ರಿಮೋಟಿನ ಎಡಗಡೆಯ ಕಡ್ಡಿಯನ್ನು, ವೇಗದ ಕಡ್ಡಿಯನ್ನು, ತುಸು ಮೇಲೆತ್ತಿದ. ಪ್ರೊಪೆಲ್ಲರ್ ಗರ್ರೆಂದು ತಿರುಗಿ ಕಣ್ಣಿಗೆ ಕಾಣದಾಯಿತು, ಕುಂಕುಮ ಹಾರಿ ರಾಜೇಶ್ವರಿಯ ಸೆರಗಿಗೆ ಬಿತ್ತು. ವಿಮಾನ ಮುಂದೆ ಎಳೆಯಿತು, ಹಣ್ಣುಗಳಿಗೆ ತಾಗಿ ನಿಂತಿತು. ಮುಂದಿನ ಹಣ್ಣು ಉರುಳಿ ಗಾಲಿಯ ಕಡ್ಡಿಗೆ ಸಿಕ್ಕಿಬಿತ್ತು. ಸಂಗಮೇಶ್ವರ ರಿಮೋಟಿನ ಕಡ್ಡಿ ಇಳಿಸಿದ. ಪ್ರೊಪೆಲ್ಲರ್ ನಿಂತಿತು. ಅಂಗಳ ಎಷ್ಟು ನಿಶ್ಶಬ್ದವಾಯಿತೆಂದರೆ ಓಣಿಯಾಚೆ ಯಾರೋ ಕೊಡ ತೊಳೆಯುವುದು ಕೇಳುತ್ತಿತ್ತು.

"ತಡೀರಿ ಸರ್, ಹಣ್ಣು ತಗೀತೀನಿ," ಅಂದ ಬಂದೇಅಲಿ. ಬಾಲ ಬಿಡದೆಯೇ ರೆಕ್ಕೆಯ ಮೇಲಿಂದ ಬಾಗಿ ಬಲಗೈ ಚಾಚಿದ.

"ಮಾಮಾ, ನಿಂಬಿಹಣ್ಣೇ ದಾಟವಲ್ದು, ಮುಗಿಲಿಗೆ ಹ್ಯಾಂಗ ಹಾರ್ತದ್ರಿ?" ಅಂದ ಅಣವೀರ, ಮೊಬೈಲಿನ ಹಿಂದಿನಿಂದ. ರಾಜೇಶ್ವರಿ ಸೆರಗು ಝಾಡಿಸುತ್ತ ನಕ್ಕಳು. ಬರೀ ಒಂದು ನಗೆ, ತಮ್ಮನ ಮಾತಿಗೆ ಅಕ್ಕ ನಗುವ ನಗೆ. ಸಂಗಮೇಶ್ವರನಿಗೆ ಹಿಂದಿನ ಬೆಂಚು ಕಂಡಿತು, ಬಾಯಿಗೆ ಹಿಡಿದ ವೇಲು ಕಂಡಿತು. ತಡೀರಿ ಎಂಬ ಮಾತು ಕಿವಿಯೊಳಗೆ ಹೋಗಿತ್ತು. ಹೋಗಿ, ಒಳಗೆ ಒಂದು ಕಡೆ ನಿಂತು, ಈ ಮನುಷ್ಯ ನನಗೆ ತಡೀರಿ ಅನ್ನುತ್ತಾನೆ ಎಂದಷ್ಟೇ ಅರ್ಥ ಕೊಟ್ಟಿತ್ತು. ಹೆಬ್ಬೆರಳು ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಳ್ಳಿತು.

ಸಪ್ಪಳ ದೊಡ್ಡದಿರಲಿಲ್ಲ. ಬಂದೇಅಲಿ ಕೂಗಲೂ ಇಲ್ಲ, "ಯಾ ಅಲ್ಲಾ" ಎಂದು ಒಳಗೇ ಅಂದುಕೊಂಡವನಂತೆ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತುಬಿಟ್ಟ. ಕಲ್ಲಿನ ಮೇಲೆ ರಕ್ತ ಕುಂಕುಮಕ್ಕಿಂತ ಕಪ್ಪಗಿತ್ತು. ರಾಜೇಶ್ವರಿ ಟವೆಲು ತಂದಳು. ಅಣವೀರ ಕಾರು ತೆಗೆದ; ತೆಗೆಯುವ ಮೊದಲು ಹಿಂದಿನ ಸೀಟಿಗೆ ಪೇಪರು ಹಾಸಿದ. ಅದನ್ನು ನೋಡಿ ಸಂಗಮೇಶ್ವರನಿಗೆ, ಇಂಥ ಹೊತ್ತಿನಲ್ಲೂ, ಥೂ ಅನ್ನಿಸಿತು. ಮರುಕ್ಷಣವೇ ತಾನು ಇನ್ನೂ ರಿಮೋಟು ಹಿಡಿದುಕೊಂಡೇ ನಿಂತಿರುವುದು ತಿಳಿಯಿತು.

ಕಲಬುರಗಿಯ ದವಾಖಾನೆಯಲ್ಲಿ ಎರಡು ಬೆರಳಿನ ನರ ಕಡಿದಿದೆ ಅಂದರು. ತೋರುಬೆರಳು, ನಡುಬೆರಳು. ಹೊಲಿಗೆ ಹಾಕಿದ್ದಾರೆ, ಮಡಚಲು ಬರುತ್ತದೋ ಇಲ್ಲವೋ ಆರು ವಾರ ಕಳೆಯದೆ ಹೇಳಲಾಗದು. ಹ್ಯಾಗಾಯಿತು ಎಂದು ಡಾಕ್ಟರು ಕೇಳಿದಾಗ ಅಣವೀರ, "ತಿರುಗೋ ಪಂಖಾದಾಗ ಇವನೇ ಕೈ ಹಾಕ್ದ ರಿ" ಅಂದ. ಬಂದೇಅಲಿಯ ತುಟಿ ಬಿಳುಚಿತ್ತು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಸಂಗಮೇಶ್ವರನ ಕಡೆ ತಿರುಗಿ ಕಾದ. ಸಂಗಮೇಶ್ವರ ಗೋಡೆಯ ಮೇಲಿನ ಎಲುಬಿನ ಚಿತ್ರವನ್ನು ಓದುತ್ತಿದ್ದ. ಅದರಲ್ಲಿ ಒಂದು ಕಾಗುಣಿತ ತಪ್ಪಿತ್ತು.

ಮನೆಗೆ ಬಂದಾಗ ಅಣವೀರ ಕಾರಿನಿಂದ ಇಳಿಯದೆಯೇ ಹೇಳಿದ: "ಆ ವಿಡಿಯೋ ಅಳಿಸಿಬಿಟ್ಟೀನಿ ಮಾಮಾ. ಅದ್ರಾಗ ಅವನ ಮಾತು ಛಲೋ ಕೇಳಿಸ್ತಿತ್ತು. ಇನ್ನ ಯಾರೂ ಏನೂ ಅನ್ನಂಗಿಲ್ಲ, ಚಿಂತಿ ಮಾಡಬ್ಯಾಡ್ರಿ." ಇಷ್ಟು ವರ್ಷ ಯಾವ ಮನುಷ್ಯನನ್ನು ತನ್ನ ಕಾಲಿನ ಧೂಳಿಗೆ ಸಮ ಎಂದು ತಿಳಿದಿದ್ದನೋ ಅವನು ಈಗ ಭುಜ ತಟ್ಟಿ ತನ್ನನ್ನು ಕಾಪಾಡುತ್ತಿದ್ದ, ಮತ್ತು ಸಂಗಮೇಶ್ವರ ಭುಜವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಒಳಗೆ ರಾಜೇಶ್ವರಿ ಅಂಗಳದ ಕಲ್ಲು ಉಜ್ಜುತ್ತಿದ್ದಳು. ಬೆನ್ನು ಅವನ ಕಡೆಗಿತ್ತು. "ಅಂವಾ ತಡೀರಿ ಅಂದದ್ದು ನನಗ ಕೇಳಿಸ್ತು," ಅಂದಳು. ಅವನು ಏನಾದರೂ ಅನ್ನಲಿ ಎಂದು ಉಜ್ಜುವುದನ್ನು ನಿಲ್ಲಿಸಿದಳು. ಆಮೇಲೆ ಮತ್ತೆ ಉಜ್ಜತೊಡಗಿದಳು. ಇವಳು ನಗದಿದ್ದರೆ, ಎಂದು ಅವನು ಅಂದುಕೊಂಡ. ಆ ಹರಾಮಖೋರ ಆ ಮಾತು ಆಡದಿದ್ದರೆ. ಬಂದೇಅಲಿಯಾದರೂ ಆ ಹಣ್ಣಿಗೆ ಕೈ ಹಾಕುವ ಅವಸರ ಏನಿತ್ತು, ರಿಮೋಟು ಕೆಳಗೆ ಇಡ್ರಿ ಅಂತ ಮೊದಲು ಹೇಳಬಹುದಿತ್ತಲ್ಲ. ಒಬ್ಬೊಬ್ಬರನ್ನೇ ಕರೆದು ನಿಲ್ಲಿಸಿ ತಪ್ಪು ಹಂಚಿದ. ಎಲ್ಲರಿಗೂ ಹಂಚಿದ ಮೇಲೂ ತನ್ನ ಪಾಲು ಅಷ್ಟೇ ಇತ್ತು.

ಐದು ಗಂಟೆಗೆ ಎದ್ದು ಸೇಬು, ಮೋಸಂಬಿ ಕಟ್ಟಿಸಿಕೊಂಡು ಬಂದೇಅಲಿಯ ಮನೆಗೆ ನಡೆದ. ಹೇಳಿಬಿಡಬೇಕು. ಒಂದೇ ಮಾತು: ಕೇಳಿಸಿತ್ತು. ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಹೊರಳಿಸಿದ. ಹೇಳಿದರೆ ಏನಾಗುತ್ತದೆ? ಬಂದೇಅಲಿ ಬೈಯಬಹುದು, ಊರಿಗೆ ಸಾರಬಹುದು, ನಾಳೆ ಕಾಲೇಜಿಗೆ ಮುಟ್ಟಬಹುದು. ಆಗಲಿ. ಇಷ್ಟು ವರ್ಷ ಎಲ್ಲರನ್ನೂ ಅಳೆದು ಕೆಳಗಿಟ್ಟವನು ಒಂದು ಸಲವಾದರೂ ಅವರಿಗಿಂತ ಮೇಲಿದ್ದಾನೆ ಎಂದು ತೋರಿಸಬೇಡವೇ? ಯೋಚನೆ ಇಲ್ಲಿಗೆ ಬಂದಾಗ ಅವನಿಗೆ ತನ್ನ ಪ್ರಾಮಾಣಿಕತೆಯ ಮೇಲೆ ಪ್ರೀತಿ ಹುಟ್ಟಿತು, ಕಣ್ಣು ತೇವವಾದವು, ಮತ್ತು ಆ ಕಣ್ಣೀರನ್ನು ಯಾರಾದರೂ ನೋಡುತ್ತಿದ್ದಾರೋ ಎಂದು ಆಚೀಚೆ ನೋಡಿದ.

ಬಂದೇಅಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ಏಳಲು ನೋಡಿದ. "ಬರ್ರಿ ಸರ್, ಕುಂದ್ರಿ. ನೀವ್ಯಾಕ ಬರ್ಲಿಕ್ಕೆ ಹೋದ್ರಿ." ಅವನ ಹೆಂಡತಿ ಇಮಾಮ್‌ಬೀ ಕುರ್ಚಿ ಒರೆಸಿ ಇಟ್ಟಳು, ಹಣ್ಣಿನ ಚೀಲವನ್ನು ಇಸಿದುಕೊಂಡು ಕಿಟಕಿಯಲ್ಲಿಟ್ಟಳು, ಚಹಾ ತಂದಳು. ತಂದವಳು ಒಳಗೆ ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಆತು ನಿಂತಳು.

"ಸರ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಅಂದ ಬಂದೇಅಲಿ. "ಇಕಿ ನಾ ದವಾಖಾನಿಂದ ಬಂದಾಗಿಂದ ಒಂದೇ ಸಮ ಹಠ ಹಿಡದಾಳ. ಸರ್‌ಗ ಕೇಳಿಸಿತ್ತು, ಕೇಳಿಸೇ ಮಾಡ್ಯಾರ ಅಂತಾಳ. ನಾ ಇಲ್ಲ ಅಂದೆ. ನಾ ತಡೀರಿ ಅಂದಿದ್ದು ನಿಮಗ ಕೇಳಿಸಿತ್ತೇನ್ರಿ?"

ಬಾಯಲ್ಲಿ ಹೊರಳಿಸಿ ತಂದ ಮಾತು ನಾಲಗೆಯ ಮೇಲೇ ಇತ್ತು. ಆದರೆ ಬಾಗಿಲಲ್ಲಿ ನಿಂತ ಹೆಂಗಸು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವಳ ಮುಂದೆ, ಓದು ಬರಹವಿಲ್ಲದ ಈ ಹೆಂಗಸಿನ ಮುಂದೆ, ಅವಳು ಹೇಳಿದ್ದೇ ಸರಿ ಎಂದು ಒಪ್ಪುವುದು ಅವನಿಂದ ಆಗಲಿಲ್ಲ.

"ಇಲ್ಲೋ ಬಂದೇಅಲಿ," ಅಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಾರಣ ಕೊಡದೆ ಉತ್ತರ ಮುಗಿಸುವುದು ಅವನ ಅಭ್ಯಾಸವಲ್ಲ. "ಮೋಟಾರಿನ ಸಪ್ಪಳದಾಗ ಏನೂ ಕೇಳಿಸ್ಲಿಲ್ಲ."

ಬಂದೇಅಲಿ ತಲೆ ಎತ್ತಿದ. ಆಗ ಮೋಟಾರು ನಿಂತಿತ್ತು. ನಿಂತದ್ದನ್ನು ನೋಡಿಯೇ, ನಿಂತದ್ದನ್ನು ಕಿವಿಯಿಂದ ಕೇಳಿಯೇ ಅವನು ಕೈ ಚಾಚಿದ್ದು. ಮೂವತ್ತು ವರ್ಷ ಮೋಟಾರುಗಳ ಸಪ್ಪಳ ಕೇಳಿ ಬದುಕಿದವನಿಗೆ, ನಿಂತ ಮೋಟಾರು ಸಪ್ಪಳ ಮಾಡುತ್ತಿತ್ತು ಎಂದು ಹೇಳಿದ್ದೇನೆ ಎಂಬುದು ಸಂಗಮೇಶ್ವರನಿಗೆ ಮಾತು ಹೊರಬಿದ್ದ ಮೇಲೆ ತಿಳಿಯಿತು. ತಿದ್ದಿಕೊಳ್ಳಲು ಜಾಗವಿರಲಿಲ್ಲ. ಬಂದೇಅಲಿಗೆ ಸಿಟ್ಟು ಬರುತ್ತದೆ ಎಂದು ಸಂಗಮೇಶ್ವರ ಕಾದ. ಬರಲಿ, ಬಂದರೆ ಚೆನ್ನಾಗಿರುತ್ತದೆ ಎಂದೂ ಕಾದ. ಬರಲಿಲ್ಲ.

"ಹೌದ್ರಿ ಸರ್," ಅಂದ ಬಂದೇಅಲಿ ಮೆಲ್ಲಗೆ. "ಸಪ್ಪಳ ಭಾಳ ಇತ್ತು." ಹೆಂಡತಿಯ ಕಡೆ ತಿರುಗಿ, "ಕೇಳಿದೇನು? ಸರ್‌ಗ ಕೇಳಿಸಿಲ್ಲ. ಇನ್ನ ಆ ಮಾತು ಬಿಡು" ಅಂದ.

ಹತ್ತು ಅಂಕ ಕಡಿಮೆ ಬಿದ್ದ ಹುಡುಗನನ್ನು ಇವನಿಂದ ಇನ್ನೇನಾದೀತು ಎಂದು ಪಾಸು ಮಾಡುವಾಗ ತನ್ನ ಮುಖ ಹೇಗಿರುತ್ತದೆ ಎಂದು ಸಂಗಮೇಶ್ವರ ಎಂದೂ ನೋಡಿರಲಿಲ್ಲ. ಈಗ ಬಂದೇಅಲಿಯ ಮುಖದಲ್ಲಿ ನೋಡಿದ.

"ಚಹಾ ಕುಡೀರಿ ಸರ್, ಆರ್ಲಿಕತ್ತದ," ಅಂದಳು ಇಮಾಮ್‌ಬೀ.

ಅವನು ಕುಡಿದ. ಕಪ್ಪು ಖಾಲಿಯಾಗುವ ತನಕ ಇಬ್ಬರೂ ಮರ್ಯಾದೆಯಿಂದ ಕಾದರು.